ಶಿರೂರು: ಹೆಸರೂ ಪದಾರ್ಥವೂ

ಪುಣೆ ಜಿಲ್ಲೆಯ ಪೂರ್ವಭಾಗದಲ್ಲಿ, ಘೋಡ ನದಿಯ ದಂಡೆಯ ಮೇಲೆ, ಶಿರೂರೆಂಬ ಪಟ್ಟಣವಿದೆ. ಸುತ್ತಣ ಜನ ಅದನ್ನು ಘೋಡನದಿಯೆಂದೂ ಕರೆಯುವುದುಂಟು. ಅದೇ ಹೆಸರಿನ ತಾಲೂಕಿಗೆ ಆ ಪಟ್ಟಣ ಕೇಂದ್ರಸ್ಥಳ. ಆ ತಾಲೂಕಿನಾಚೆಗೂ ಬಹುದೂರ ಹಬ್ಬಿದ ಲೋಕಸಭಾ ಕ್ಷೇತ್ರವೊಂದು 2008ರ ಪುನರ್ವಿಂಗಡಣೆಯಲ್ಲಿ ರೂಪುಗೊಂಡಿತು. ಉತ್ತರದ ಜುನ್ನರವೂ ಪುಣೆ ನಗರಕ್ಕೆ ಹೊಂದಿದ ಹಡಪಸರವೂ ಅದರೊಳಗಿವೆ. ಅದರ ಹೆಸರೂ ಶಿರೂರೇ. ಕರ್ನಾಟಕದ ಕಡೆಗೆ ತಿರುಗಿದರೆ ಉಡುಪಿಯ ಅಷ್ಟಮಠಗಳಲ್ಲಿ ಒಂದು ಶಿರೂರು ಮಠ; ಬಾಗಲಕೋಟೆಯ ಸೀಮೆಯಲ್ಲಿ ಒಂದು ಶಿರೂರು; 2024ರ ಜುಲೈ ತಿಂಗಳಲ್ಲಿ ಗುಡ್ಡ ಕುಸಿದು ಜನಹಾನಿಯಾದ ಶಿರೂರು ಅಂಕೋಲೆ ತಾಲೂಕಿನದು. ಹೆಸರು ಒಂದು, ವಸ್ತುಗಳು ಹಲವು. ಪುಣೆಯ ಪಟ್ಟಣದ ಮಟ್ಟಿಗಾದರೋ ವಸ್ತು ಒಂದು, ಹೆಸರು ಎರಡು.

ಕನ್ನಡಿಗರ ಕಿವಿಗೆ ಈ ಹೆಸರು ಪರಕೀಯವೆನಿಸುವುದಿಲ್ಲ. ‘ಊರು’ ಎಂಬ ಪದ ಅದರ ಕೊನೆಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿನ ವಿಸ್ತಾರವನ್ನು ಹೇಳಿದ 9ನೆಯ ಶತಮಾನದ ಕವಿರಾಜಮಾರ್ಗದ ಎಲ್ಲೆಯೊಳಗೇ ಘೋಡ ನದಿಯೂ ಅದು ಸೇರುವ ಭೀಮೆಯೂ ಹರಿಯುತ್ತವೆ. ಶಂ. ಬಾ. ಜೋಶಿಯವರಂಥ ವಿದ್ವಾಂಸರು ಮಹಾರಾಷ್ಟ್ರದ ಸ್ಥಳನಾಮಗಳಲ್ಲಿ ಕನ್ನಡದ ಕುರುಹುಗಳನ್ನು ಅರಸಿ ಶ್ರಮಿಸಿದ್ದಾರೆ. ಇಂಥ ಅಭಿಪ್ರಾಯವೊಂದನ್ನು ಗ್ರಂಥದಲ್ಲಿ ಬರೆಯುವಾಗ ವಿದ್ವಾಂಸನು ಆಧಾರವನ್ನು ಹೇಳುತ್ತಾನೆ, ಸಂದೇಹವನ್ನೂ ಹೇಳುತ್ತಾನೆ. ಓದುವವನು ಎರಡನ್ನೂ ತೂಗುತ್ತಾನೆ. ಆದರೆ ಸ್ಥಳನಾಮಗಳು, ಶಾಸನಗಳು, ಉತ್ಖನನದ ವಸ್ತುಗಳು ಇವೆಲ್ಲವೂ ಗಣಕಯಂತ್ರದ ಕೋಷ್ಟಕಗಳಿಗೆ ಏರುತ್ತಿರುವ ಈ ಕಾಲದಲ್ಲಿ ಅದೇ ಅಭಿಪ್ರಾಯ ಯಾವ ಮನೆಯಲ್ಲಿ ಕುಳಿತುಕೊಳ್ಳಬೇಕು? ‘ಹೆಸರಿನ ಮೂಲಭಾಷೆ’ ಎಂದೊಂದು ಮನೆಯನ್ನು ಗೆರೆಯೆಳೆದು, ಅದರಲ್ಲಿ ಒಂದೇ ಒಂದು ಪದವನ್ನು ತುಂಬಲು ಅವಕಾಶವಿತ್ತರೆ, ನೂರು ವರ್ಷಗಳ ವಾದವಿವಾದವೆಲ್ಲ ಆ ಒಂದು ಪದದೊಳಗೆ ಅಡಗಿಹೋಗುತ್ತದೆ. ಮನೆಯನ್ನು ಯಾರು ಗೆರೆಯೆಳೆದರು, ಯಾವ ಉದ್ದೇಶಕ್ಕಾಗಿ ಎಳೆದರು ಎಂಬುದು ಆದುದರಿಂದ ಇತಿಹಾಸಕಾರನಿಗೂ ಸಂಬಂಧಿಸಿದ ವಿಷಯ.

ಲೋಕದಲ್ಲಿ ಯಾವ ಯಾವ ಬಗೆಯ ವಸ್ತುಗಳಿವೆ, ಅವುಗಳ ನಡುವೆ ಯಾವ ಯಾವ ಸಂಬಂಧಗಳುಂಟು ಎಂಬ ವಿಚಾರಕ್ಕೆ ಪಾಶ್ಚಾತ್ಯರು ಆಂಟಾಲಜಿ ಎನ್ನುತ್ತಾರೆ. ಗಣಕಶಾಸ್ತ್ರದಲ್ಲಿ ಈ ಪದಕ್ಕೆ ಸಂಕುಚಿತವಾದ ಅರ್ಥವೊಂದುಂಟು. ಒಂದು ವಿಷಯಕ್ಷೇತ್ರದ ಕಲ್ಪನೆಗಳನ್ನು ಯಂತ್ರಕ್ಕೂ ತಿಳಿಯುವಂತೆ ಬಿಚ್ಚಿ ನಿರೂಪಿಸಿದ ವ್ಯವಸ್ಥೆಯೇ ಆಂಟಾಲಜಿ ಎಂಬ ಅಭಿಪ್ರಾಯದ ಲಕ್ಷಣವನ್ನು 1993ರಲ್ಲಿ ಟಾಮ್ ಗ್ರೂಬರ್ ಹೇಳಿದರು. ಕನ್ನಡದಲ್ಲಿ ಇದನ್ನು ಪದಾರ್ಥವ್ಯವಸ್ಥೆಯೆಂದು ಕರೆದರೆ ತಪ್ಪಾಗಲಾರದು. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರನ್ನು ಎಣಿಸಿ, ಮುಂದೆ ಅಭಾವವೆಂಬ ಏಳನೆಯದನ್ನು ಸೇರಿಸಿಕೊಂಡ ವೈಶೇಷಿಕರು ಈ ದಾರಿಯಲ್ಲಿ ನಮಗೆ ಹಿರಿಯರು. ಹಾಗೆಂದ ಮಾತ್ರಕ್ಕೆ ಗಣಕವಿದ್ಯೆಯೆಲ್ಲ ನಮ್ಮಲ್ಲಿಯೇ ಇದ್ದಿತೆಂದು ಬೀಗುವುದು ಹಾಸ್ಯಾಸ್ಪದ. 1985ರಲ್ಲಿ ರಿಕ್ ಬ್ರಿಗ್ಸ್ ಎಂಬವರು ವೈಯಾಕರಣರ ಶಾಸ್ತ್ರೀಯ ಸಂಸ್ಕೃತವನ್ನು ಗಣಕದ ಅರ್ಥಜಾಲಗಳೊಡನೆ ಹೋಲಿಸಿ ಲೇಖನವೊಂದನ್ನು ಬರೆದರು. ಗಣಕಕ್ಕೆ ಸಂಸ್ಕೃತವೇ ಸರ್ವಶ್ರೇಷ್ಠ ಭಾಷೆಯೆಂದು ಸಿದ್ಧವಾಯಿತೆಂಬ ಮಾತು ಅದರಿಂದ ಹುಟ್ಟಿ ಊರೂರು ತಿರುಗಿತು. ಲೇಖನ ಹೇಳಿದುದು ಅಷ್ಟಲ್ಲ.

ಈ ವಿಷಯದಲ್ಲಿ ಕರ್ನಾಟಕಕ್ಕೆ ನಿಜವಾಗಿ ಸಲ್ಲುವ ಗೌರವ ಬೇರೊಂದೆಡೆಯಿಂದ ಬರುತ್ತದೆ. ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. 1957ರಲ್ಲಿ ಬೆಂಗಳೂರಿನಲ್ಲಿ ನೆಲೆಸಿದ ಅವರು, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿ ಡಿ.ಆರ್.ಟಿ.ಸಿ. ಎಂದು ಪ್ರಸಿದ್ಧವಾದ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಕಾಲವಾಗುವವರೆಗೂ ಆ ಕೆಲಸದಲ್ಲಿಯೇ ತೊಡಗಿದ್ದರು. 1876ರಲ್ಲಿ ಹೊರಬಂದ ಡ್ಯೂಯಿಯ ಪದ್ಧತಿ ವಿಷಯಗಳನ್ನು ಮೊದಲೇ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಒಂದು ಸಂಖ್ಯೆಯನ್ನು ಕೊಡುವಂಥದು. ಪಟ್ಟಿಯಲ್ಲಿಲ್ಲದ ಹೊಸ ವಿಷಯ ಬಂದರೆ ತೊಡಕು. ರಂಗನಾಥನ್ ಅವರು ವಿಷಯವನ್ನು ಮುಖಗಳಾಗಿ ಬಿಡಿಸಿದರು. ವ್ಯಕ್ತಿ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲವರ್ಗಗಳಿಂದ ಯಾವ ವಿಷಯವನ್ನಾದರೂ ಹೊಸದಾಗಿ ಕಟ್ಟಬಹುದು. ಶಿರೂರು ತಾಲೂಕಿನ ಪ್ರಾಚೀನ ಮಡಕೆಗಳ ತಯಾರಿಕೆಯನ್ನು ಕುರಿತ ಗ್ರಂಥವೊಂದು ಬಂದಿತೆನ್ನೋಣ: ಮಡಕೆ ವ್ಯಕ್ತಿ, ಮಣ್ಣು ದ್ರವ್ಯ, ತಯಾರಿಕೆ ಶಕ್ತಿ, ತಾಲೂಕು ದೇಶ, ಕ್ರಿಸ್ತಪೂರ್ವದ ಇಂಥ ಶತಮಾನ ಕಾಲ. ಯಾರೂ ಮೊದಲೇ ಊಹಿಸಿರದ ವಿಷಯಕ್ಕೂ ಸ್ಥಾನ ತಾನಾಗಿ ಒದಗುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ಅವರು ಮಾಡಿದ ಇನ್ನೊಂದು ವಿವೇಚನೆ. ವರ್ಗೀಕರಣದ ಕೆಲಸ ಮೂರು ತಲಗಳಲ್ಲಿ ನಡೆಯುತ್ತದೆ: ಭಾವನೆಯ ತಲ, ಶಬ್ದದ ತಲ, ಸಂಕೇತದ ತಲ. ನಿರ್ಣಯ ಆಗಬೇಕಾದುದು ಭಾವನೆಯ ತಲದಲ್ಲಿ. ಸಂಕೇತವು ಅದರ ಸೇವಕ. ಸಂಕೇತ ತನಗೆ ಸುಲಭವಾದುದನ್ನು ಮಾತ್ರ ಹೇಳುತ್ತೇನೆಂದು ಹಟ ಹಿಡಿದರೆ ಭಾವನೆ ಕೆಡುತ್ತದೆ. ಇದು ಗ್ರಂಥಾಲಯದ ಕಪಾಟುಗಳನ್ನು ಕಣ್ಣಮುಂದಿಟ್ಟುಕೊಂಡು ಆಡಿದ ಮಾತು. ಸಾಫ್ಟ್‌ವೇರಿನ ಚಿತ್ರಭಾಷೆಗಳಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದು ಮುಂದಿನ ಕಥೆಯಿಂದ ತಿಳಿಯುತ್ತದೆ.

ಆ ಚಿತ್ರಭಾಷೆಗಳ ವಂಶಾವಳಿಯಲ್ಲಿ ಎರಡು ಕವಲುಗಳಿವೆ. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಅವರು 1967ರ ಸಿಮುಲಾ ಭಾಷೆಯಲ್ಲಿ ಒಂದೇ ಬಗೆಯ ವಸ್ತುಗಳಿಗೆಲ್ಲ ಅಚ್ಚಿನಂತಿರುವ ‘ವರ್ಗ’ವೆಂಬ ಕಲ್ಪನೆಯನ್ನು ತಂದರು. ಪೀಟರ್ ಚೆನ್ ಅವರು 1976ರಲ್ಲಿ ದತ್ತಾಂಶಗಳನ್ನು ವಸ್ತುಗಳು ಮತ್ತು ಅವುಗಳ ಸಂಬಂಧಗಳು ಎಂದು ಬಿಡಿಸಿ ಚಿತ್ರಿಸುವ ಕ್ರಮವನ್ನು ಹೇಳಿದರು. ಇವೆರಡರ ಸಂತಾನವಾಗಿ ಹತ್ತಾರು ಚಿತ್ರಪದ್ಧತಿಗಳು ಹುಟ್ಟಿ ಪರಸ್ಪರ ಸ್ಪರ್ಧಿಸತೊಡಗಿದಾಗ, ಗ್ರೇಡಿ ಬೂಚ್, ಜೇಮ್ಸ್ ರಂಬಾ, ಇವಾರ್ ಯಾಕೊಬ್ಸನ್ ಈ ಮೂವರು ತಂತಮ್ಮ ಪದ್ಧತಿಗಳನ್ನು ಒಂದುಗೂಡಿಸಿದರು. ಹೀಗೆ ರೂಪುಗೊಂಡ ಯುಎಮ್‌ಎಲ್ ಎಂಬ ಏಕೀಕೃತ ಭಾಷೆಯನ್ನು ಓಎಮ್‌ಜಿ ಎಂಬ ಉದ್ಯಮಸಂಘ 1997ರ ನವೆಂಬರಿನಲ್ಲಿ ಅಂಗೀಕರಿಸಿತು. ಅದರ ವರ್ಗಚಿತ್ರವನ್ನು ಅರಿಯುವುದು ಕಷ್ಟವಲ್ಲ. ಒಂದೊಂದು ವರ್ಗಕ್ಕೆ ಮೂರು ಅಂಕಣಗಳ ಪೆಟ್ಟಿಗೆ: ಮೇಲೆ ಹೆಸರು, ನಡುವೆ ಗುಣಗಳು, ಕೆಳಗೆ ಆ ವಸ್ತು ಮಾಡಬಲ್ಲ ಕ್ರಿಯೆಗಳು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಂಬಂಧದ ಗೆರೆ. ಗೆರೆಯ ತುದಿಯಲ್ಲಿ ಎಷ್ಟು ವಸ್ತುಗಳೆಂಬ ಸಂಖ್ಯೆ. ಪೊಳ್ಳು ತ್ರಿಕೋಣವಿದ್ದರೆ ‘ಇದು ಅದರ ಒಂದು ಬಗೆ’ ಎಂದರ್ಥ. ವಜ್ರಾಕೃತಿಯಿದ್ದರೆ ‘ಇದು ಅದರ ಒಂದು ಭಾಗ’ ಎಂದರ್ಥ. ಪಟ್ಟಣವು ತಾಲೂಕಿನ ಭಾಗವೇ ಹೊರತು ತಾಲೂಕಿನ ಬಗೆಯಲ್ಲ. ಈ ಭೇದವನ್ನು ಕಣ್ಣಿಗೆ ಕಾಣುವಂತೆ ಮಾಡಿದುದೇ ಆ ಚಿತ್ರದ ದೊಡ್ಡ ಉಪಕಾರ.

ಪದಾರ್ಥವ್ಯವಸ್ಥೆಯನ್ನು ಕಟ್ಟಲು ಇದೇ ಭಾಷೆಯನ್ನು ಬಳಸಬಾರದೇಕೆ ಎಂಬ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಸ್ಟೀಫನ್ ಕ್ರೇನ್‌ಫೀಲ್ಡ್ ಮತ್ತು ಮಾರ್ಟಿನ್ ಪರ್ವಿಸ್ ಪ್ರಮುಖರು. 1999ರ ತಮ್ಮ ಪ್ರಬಂಧದಲ್ಲಿ ಅವರು ತೋರಿಸಿದ ಯುಕ್ತಿ ವ್ಯವಹಾರಜ್ಞಾನದ್ದು. ಆವರೆಗೆ ಪದಾರ್ಥವ್ಯವಸ್ಥೆಗಳನ್ನು ಬರೆಯುತ್ತಿದ್ದುದು ಕೃತಕಬುದ್ಧಿಶಾಸ್ತ್ರದ ಪಂಡಿತರು, ತಮ್ಮವರಿಗೆ ಮಾತ್ರ ತಿಳಿಯುವ ತಾರ್ಕಿಕ ಸೂತ್ರಗಳಲ್ಲಿ. ಯುಎಮ್‌ಎಲ್ ಬಲ್ಲ ಇಂಜಿನಿಯರುಗಳಾದರೋ ಅಸಂಖ್ಯಾತರು. ಅದನ್ನು ಬರೆಯುವ ಸಾಧನಗಳೂ ಸಿದ್ಧವಾಗಿದ್ದವು. ಸೂತ್ರವನ್ನು ನೋಡಿ ಹಿಂಜರಿಯುವ ಕ್ಷೇತ್ರತಜ್ಞನು, ಎಂದರೆ ಪುರಾತತ್ತ್ವಜ್ಞನೋ ವೈದ್ಯನೋ, ಚಿತ್ರವನ್ನು ನೋಡಿ ‘ಈ ಗೆರೆ ತಪ್ಪು’ ಎಂದು ಬೆರಳಿಟ್ಟು ತೋರಿಸಬಲ್ಲ. ಈ ಕೊನೆಯ ಲಾಭವನ್ನು ಲಘುವಾಗಿ ಎಣಿಸಲಾಗದು.

ತೊಡಕು ಇದ್ದುದು ಆ ಭಾಷೆಯ ಜನ್ಮದಲ್ಲಿ. ಯುಎಮ್‌ಎಲ್ ಹುಟ್ಟಿದುದು ಇನ್ನೂ ಇಲ್ಲದ ಯಂತ್ರವ್ಯವಸ್ಥೆಯೊಂದನ್ನು ನಿರ್ಮಿಸುವುದಕ್ಕೆ. ನಿರ್ಮಾಪಕನು ಚಿತ್ರದಲ್ಲಿ ಬರೆದುದೇ ಅಲ್ಲಿ ಲೋಕ, ಬರೆಯದುದು ಇಲ್ಲ. ಪದಾರ್ಥವ್ಯವಸ್ಥೆಯಾದರೋ ಮೊದಲೇ ಇರುವ ಲೋಕವನ್ನು ವರ್ಣಿಸತಕ್ಕದ್ದು; ಬರೆಯದುದು ಅಲ್ಲಿ ತಿಳಿಯದುದೇ ಹೊರತು ಇಲ್ಲದುದಲ್ಲ. ಶಿರೂರನ್ನೇ ಉದಾಹರಿಸಬಹುದು. ‘ಒಂದು ತಾಲೂಕಿಗೆ ಒಂದೇ ಕೇಂದ್ರಸ್ಥಳ’ ಎಂಬ ನಿಯಮವಿದೆ. ಒಂದು ದಾಖಲೆ ಕೇಂದ್ರಸ್ಥಳ ಶಿರೂರೆನ್ನುತ್ತದೆ, ಇನ್ನೊಂದು ಘೋಡನದಿಯೆನ್ನುತ್ತದೆ. ಯುಎಮ್‌ಎಲ್ ಚಿತ್ರದಿಂದ ಸಿದ್ಧಪಡಿಸಿದ ಸಾಮಾನ್ಯ ದತ್ತಾಂಶವ್ಯವಸ್ಥೆ ಎರಡು ಹೆಸರುಗಳನ್ನು ಎರಡು ಊರುಗಳೆಂದೇ ಗಣಿಸಿ, ನಿಯಮಭಂಗವಾಯಿತೆಂದು ಎರಡನೆಯ ದಾಖಲೆಯನ್ನು ತಿರಸ್ಕರಿಸುತ್ತದೆ. 2004ರ ಫೆಬ್ರುವರಿಯಲ್ಲಿ ವಿಶ್ವಜಾಲದ ಮಾನಕಸಂಸ್ಥೆಯಾದ ಡಬ್ಲ್ಯು3ಸಿ ಶಿಫಾರಸು ಮಾಡಿದ ಓಡಬ್ಲ್ಯುಎಲ್ ಎಂಬ ಆಂಟಾಲಜಿಯ ಭಾಷೆ ಅದೇ ಎರಡು ದಾಖಲೆಗಳಿಂದ ಬೇರೆಯೇ ನಿರ್ಣಯಕ್ಕೆ ಬರುತ್ತದೆ: ಕೇಂದ್ರಸ್ಥಳ ಒಂದೇ ಆಗಿರಬೇಕಾದುದರಿಂದ ಶಿರೂರೂ ಘೋಡನದಿಯೂ ಒಂದೇ ಊರು. ಇಲ್ಲಿ ಎರಡನೆಯ ತೀರ್ಪೇ ಸತ್ಯ. ಆದರೆ ಆತುರಗಾರನೊಬ್ಬನು ಅಂಕೋಲೆಯ ಶಿರೂರನ್ನು ಇದೇ ತಾಲೂಕಿನ ಕೇಂದ್ರವೆಂದು ತಪ್ಪಾಗಿ ಬರೆದನೆನ್ನಿ; ಅವೆರಡೂ ಬೇರೆಯೆಂದು ಯಾರಾದರೂ ಮೊದಲೇ ಹೇಳಿರದಿದ್ದರೆ, ಅದೇ ತರ್ಕ ಪಶ್ಚಿಮ ಕರಾವಳಿಯ ಹಳ್ಳಿಯನ್ನು ತಂದು ಘೋಡ ನದಿಯ ದಂಡೆಯ ಮೇಲೆ ಕೂರಿಸುತ್ತದೆ. ಒಂದು ಭಾಷೆ ಸತ್ಯವನ್ನು ಹೊರಗಟ್ಟಬಲ್ಲುದು, ಇನ್ನೊಂದು ಸುಳ್ಳನ್ನು ಒಳಗೆ ಬಿಟ್ಟುಕೊಳ್ಳಬಲ್ಲುದು. ತುಂಬಿದ ದತ್ತಾಂಶವನ್ನು ನಿಯಮಕ್ಕೆ ಒರೆಹಚ್ಚಿ ನೋಡಲೆಂದೇ 2017ರಲ್ಲಿ ಶ್ಯಾಕ್ಲ್ ಎಂಬ ಮತ್ತೊಂದು ಭಾಷೆಯನ್ನು ಅದೇ ಸಂಸ್ಥೆ ಸೇರಿಸಬೇಕಾಗಿ ಬಂದುದು ಅಕಾರಣವಲ್ಲ.

ಇನ್ನೂ ಒಂದೆರಡು ವ್ಯತ್ಯಾಸಗಳುಂಟು. ಯುಎಮ್‌ಎಲ್‌ನಲ್ಲಿ ಗುಣವೆಂಬುದು ಯಾವುದಾದರೊಂದು ಪೆಟ್ಟಿಗೆಗೆ ಸೇರಿದ ಆಸ್ತಿ. ಓಡಬ್ಲ್ಯುಎಲ್‌ನಲ್ಲಿ ಅದು ಸ್ವತಂತ್ರ. ಪೆಟ್ಟಿಗೆಯ ಮೂರನೆಯ ಅಂಕಣದ ಕ್ರಿಯೆಗಳಿಗೆ ಪದಾರ್ಥವ್ಯವಸ್ಥೆಯಲ್ಲಿ ಕೆಲಸವೇ ಇಲ್ಲ. ಆದರೂ ಚಿತ್ರಭಾಷೆಗೆ ತರ್ಕದ ಗಾಂಭೀರ್ಯವಿಲ್ಲವೆಂಬ ಅಪವಾದ ನಿಲ್ಲಲಿಲ್ಲ. ಡೇನಿಯೆಲಾ ಬೆರಾರ್ಡಿ, ದಿಯೆಗೊ ಕಾಲ್ವನೇಸೆ, ಜುಸೆಪ್ಪೆ ದೆ ಜಾಕೊಮೊ ಎಂಬ ಇಟಲಿಯ ವಿದ್ವಾಂಸರು 2005ರಲ್ಲಿ ವರ್ಗಚಿತ್ರಗಳನ್ನು ವರ್ಣನತರ್ಕಕ್ಕೆ ಅನುವಾದಿಸಿ, ಅವುಗಳಲ್ಲಿ ಅಡಗಿದ ವಿರೋಧಗಳನ್ನು ಯಂತ್ರವೇ ಹುಡುಕಬಹುದೆಂದೂ, ಆದರೆ ಚಿತ್ರ ಬೆಳೆದಂತೆ ಆ ಹುಡುಕಾಟದ ಶ್ರಮ ಕೆಟ್ಟ ಸಂದರ್ಭಗಳಲ್ಲಿ ಘಾತೀಯವಾಗಿ ಬೆಳೆಯುವುದೆಂದೂ ಸಾಧಿಸಿದರು. 2009ರಲ್ಲಿ ಓಎಮ್‌ಜಿಯೇ ಓಡಿಎಮ್ ಎಂಬ ಮಾನಕವನ್ನು ಹೊರಡಿಸಿ, ಓಡಬ್ಲ್ಯುಎಲ್‌ನ ಮಾತುಗಳನ್ನು ಯುಎಮ್‌ಎಲ್ ಚಿತ್ರದಲ್ಲಿ ಬರೆಯುವ ಕ್ರಮವನ್ನು ವಿಧಿಸಿತು. ಇದು ಸಂಕೇತದ ತಲದ ಸಂಧಾನ.

ಭಾವನೆಯ ತಲಕ್ಕೆ ಇಳಿದವರು ಬ್ರೆಜಿಲಿನ ಜಿಯಾನ್‌ಕಾರ್ಲೊ ಗಿಜಾರ್ದಿ. 2005ರಲ್ಲಿ ಹಾಲೆಂಡಿನ ಟ್ವೆಂಟೆ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಮಹಾಪ್ರಬಂಧದಲ್ಲಿ ಅವರು ತೋರಿಸಿದುದಿಷ್ಟು: ಒಂದೇ ಬಗೆಯ ಪೆಟ್ಟಿಗೆಯಲ್ಲಿ ಬರೆಯುವ ವರ್ಗಗಳು ಒಂದೇ ಜಾತಿಯವಲ್ಲ. ‘ಮನುಷ್ಯ’ ಎಂಬುದು ವಸ್ತುವಿನ ಸ್ವರೂಪ. ಅದನ್ನು ಬಿಟ್ಟು ಆ ವಸ್ತು ಉಳಿಯಲಾರದು. ‘ಶಿಶು’ ಎಂಬುದು ಅವಸ್ಥೆ, ಬಂದು ಹೋಗುತ್ತದೆ. ‘ಮುಖಂಡ’ ಎಂಬುದು ಪಾತ್ರ. ಬೇರೆಯವರ ಸಂಬಂಧದಿಂದ ಮಾತ್ರ ಉಂಟಾಗುತ್ತದೆ. ಈ ಭೇದಗಳನ್ನು ಪೆಟ್ಟಿಗೆಯ ತಲೆಯ ಮೇಲೆಯೇ ಗುರುತಿಸುವ ಪದ್ಧತಿಗೆ ಆಂಟೋಯುಎಮ್‌ಎಲ್ ಎಂದು ಹೆಸರಾಯಿತು.

ಶಿರೂರು ತಾಲೂಕಿನ ನೆಲದೊಳಗೇ ಈ ಮೂರು ಮಾತುಗಳಿಗೂ ನಿದರ್ಶನವಿದೆ. ಘೋಡ ನದಿಯ ದಂಡೆಯ ಇನಾಂಗಾವಿನಲ್ಲಿ ಪುಣೆಯ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಉತ್ಖನನ ನಡೆಸಿದರು. ಎಚ್. ಡಿ. ಸಾಂಕಲಿಯಾ, ಎಂ. ಕೆ. ಧವಳೀಕರ, ಜೆಡ್. ಡಿ. ಅನ್ಸಾರಿ ಇವರ ಹೆಸರುಗಳು ಈ ಕಾರ್ಯದೊಡನೆ ಚಿರವಾಗಿ ಸೇರಿಕೊಂಡಿವೆ. ವರದಿ 1988ರಲ್ಲಿ ಪ್ರಕಟವಾಯಿತು. ಸುಮಾರು ಕ್ರಿಸ್ತಪೂರ್ವ 1600ರಿಂದ 700ರವರೆಗೆ, ಮಾಳವ, ಪೂರ್ವ ಜೋರ್ವೆ, ಉತ್ತರ ಜೋರ್ವೆ ಎಂಬ ಮೂರು ಸಂಸ್ಕೃತಿಗಳ ಅವಧಿಯಲ್ಲಿ ಒಕ್ಕಲುತನದ ಜನ ಅಲ್ಲಿ ಬಾಳಿದ್ದರು. ತೀರಿಹೋದ ಮಕ್ಕಳನ್ನು ಎರಡು ಗಡಿಗೆಗಳಲ್ಲಿರಿಸಿ, ಬಾಯಿಗೆ ಬಾಯಿ ಸೇರಿಸಿ, ಮನೆಯ ನೆಲದಡಿಯಲ್ಲಿಯೇ ಹೂಳುತ್ತಿದ್ದರು. ದೊಡ್ಡವರನ್ನು ಗುಣಿಯಲ್ಲಿ ಮಲಗಿಸಿ ಹೂಳುವಾಗ ಸಾಮಾನ್ಯವಾಗಿ ಪಾದಗಳನ್ನು ಕಡಿದುಬಿಡುತ್ತಿದ್ದರು. ಇವೆಲ್ಲಕ್ಕೂ ಭಿನ್ನವಾಗಿ, ಊರ ನಡುವಿನ ಐದು ಕೋಣೆಗಳ ದೊಡ್ಡ ಮನೆಯ ಅಂಗಳದಲ್ಲಿ, ನಾಲ್ಕು ಕಾಲುಗಳುಳ್ಳ ಮಣ್ಣಿನ ಭಾಂಡದೊಳಗೆ ಕಾಲು ಮಡಚಿ ಕುಳಿತ ಭಂಗಿಯಲ್ಲಿ ಪುರುಷನೊಬ್ಬನ ಅಸ್ಥಿಪಂಜರ ದೊರೆಯಿತು. ಆ ಮನೆಗೆ ಕಣಜವೂ ಇತ್ತು. ಇವನು ಊರಿನ ಮುಖಂಡನಾಗಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ.

ಇದನ್ನು ಯುಎಮ್‌ಎಲ್‌ನ ಪೆಟ್ಟಿಗೆಯಲ್ಲಿ ಬರೆಯಹೊರಟವನು ‘ಸಮಾಧಿ’ ಎಂಬ ವರ್ಗಕ್ಕೆ ‘ಮೃತನ ಪದವಿ’ ಎಂಬ ಗುಣವನ್ನಿತ್ತು, ಅಲ್ಲಿ ‘ಮುಖಂಡ’ ಎಂದು ತುಂಬಿ ಮುಂದೆ ಹೋಗುತ್ತಾನೆ. ಭಾಂಡದ ನಾಲ್ಕು ಕಾಲುಗಳೂ ಮೃತನ ಮುಖಂಡತ್ವವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಒಂದು ಕಣ್ಣಿಗೆ ಕಂಡದ್ದು; ಇನ್ನೊಂದು ಮನೆಯ ಗಾತ್ರ, ಕಣಜ, ಶವಸಂಸ್ಕಾರದ ವೈಶಿಷ್ಟ್ಯ ಇವುಗಳಿಂದ ಮಾಡಿದ ಅನುಮಾನ. ಮಣ್ಣಿನಲ್ಲಿ ದೊರೆತುದು ಮನುಷ್ಯ, ಮುಖಂಡನಲ್ಲ.

ವಸ್ತುಸಂಗ್ರಹಾಲಯಗಳ ಜಗತ್ತು ಈ ಪಾಠವನ್ನು ನಿಧಾನವಾಗಿ ಕಲಿಯಿತು. ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ಸಿಡಾಕ್ ಎಂಬ ದಾಖಲಾತಿ ಸಮಿತಿ ಮೊದಲು ಚೆನ್ ಅವರ ವಸ್ತುಸಂಬಂಧದ ಕ್ರಮದಲ್ಲಿಯೇ ದೊಡ್ಡದೊಂದು ಮಾದರಿಯನ್ನು ರಚಿಸಿತ್ತು. ಅದು ಬೆಳೆಬೆಳೆದು ನಿಭಾಯಿಸಲಾರದಷ್ಟಾದಾಗ, 1996ರಿಂದ ವರ್ಗಾಧಾರಿತ ಕ್ರಮಕ್ಕೆ ತಿರುಗಿ ಸಿಆರ್‌ಎಮ್ ಎಂಬ ಪದಾರ್ಥವ್ಯವಸ್ಥೆಯನ್ನು ಕಟ್ಟಿತು. ನಿಕ್ ಕ್ರಾಫ್ಟ್ಸ್, ಕ್ರೀಟ್ ದ್ವೀಪದ ಸಂಶೋಧನಾಕೇಂದ್ರದ ಮಾರ್ಟಿನ್ ಡೋರ್ ಮೊದಲಾದವರು ಇದರಲ್ಲಿ ದುಡಿದರು. 2006ರಲ್ಲಿ ಅದು ಐಎಸ್‌ಓ 21127 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ವೈಶಿಷ್ಟ್ಯ ಘಟನೆಗೆ ಕೊಟ್ಟ ಪ್ರಾಧಾನ್ಯ. ಮಡಕೆಗೆ ‘ಕಾಲ’ವೆಂಬ ಗುಣವಿಲ್ಲ, ಮಡಕೆಯನ್ನು ಮಾಡಿದ ಘಟನೆಯೊಂದಿದೆ, ಕಾಲ ಆ ಘಟನೆಗೆ ಸೇರಿದುದು, ಅಗೆದು ತೆಗೆದದ್ದು ಇನ್ನೊಂದು ಘಟನೆ, ಅದರ ಕಾಲ ಬೇರೆ. ಊರೂ ಹೆಸರೂ ಬೇರೆಬೇರೆ ಪದಾರ್ಥಗಳು. ಎಲ್ಲಕ್ಕಿಂತ ಬೆಲೆಯುಳ್ಳದ್ದು ‘ಗುಣಾರೋಪಣೆ’ ಎಂದು ಕರೆಯಬಹುದಾದ ವರ್ಗ: ಒಬ್ಬನು ಒಂದು ಕಾಲದಲ್ಲಿ ಒಂದು ವಸ್ತುವಿಗೆ ಒಂದು ಗುಣವನ್ನು ಹೇಳಿದನೆಂಬುದೂ ಒಂದು ಘಟನೆಯೇ. ಇನಾಂಗಾವಿನ ಮೃತನನ್ನು ಮುಖಂಡನೆಂದುದು ಕ್ರಿಸ್ತಪೂರ್ವದ ಸಂಗತಿಯಾಗಿ ದಾಖಲಾಗದೆ 20ನೆಯ ಶತಮಾನದ ವಿದ್ವಾಂಸರ ನಿರ್ಣಯವಾಗಿ ದಾಖಲಾಗುತ್ತದೆ. ನಾಳೆ ಮತ್ತೊಬ್ಬನು ಅಲ್ಲವೆಂದರೆ ಅದೂ ಅದರ ಪಕ್ಕದಲ್ಲಿ ನಿಲ್ಲುತ್ತದೆ, ಯಾವುದನ್ನೂ ಅಳಿಸಬೇಕಾಗಿಲ್ಲ.

ಬೆಂಗಳೂರಿನ ಪರಂಪರೆಯೂ ಈ ನಡುವೆ ಸುಮ್ಮನಿರಲಿಲ್ಲ. ಡಿ.ಆರ್.ಟಿ.ಸಿ.ಯ ಬಿಶ್ವನಾಥ ದತ್ತ ಅವರು ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದ ವಿದ್ವಾಂಸರೊಡಗೂಡಿ, ಮುಖವಿಶ್ಲೇಷಣೆಯ ತತ್ತ್ವಗಳಿಂದ ಕ್ಷೇತ್ರ, ವಸ್ತು, ಸಂಬಂಧ, ಗುಣ ಎಂಬ ನಾಲ್ಕರ ಮೇಲೆ ಪದಾರ್ಥವ್ಯವಸ್ಥೆಯನ್ನು ಕಟ್ಟುವ ಡೆರಾ ಎಂಬ ಕ್ರಮವನ್ನು ರೂಪಿಸಿದರು. ಅದರ ವಿವರಣೆಯುಳ್ಳ ಪ್ರಬಂಧ 2014ರಲ್ಲಿ ಪ್ರಕಟವಾಯಿತು. ಗ್ರಂಥಗಳಿಗಾಗಿ ಹುಟ್ಟಿದ ವಿಚಾರ ಅಲ್ಲಿ ಯಂತ್ರದ ತರ್ಕಕ್ಕೆ ಹೊಂದಿಕೊಂಡಿತು.

ಶಿರೂರಿನ ಹೆಸರಿಗೆ ಮರಳಬಹುದು. ಅದು ಕನ್ನಡದ ಹೆಸರೆಂಬ ಮಾತು ಪಟ್ಟಣದ ಗುಣವಲ್ಲ, ತಾಲೂಕಿನ ಗುಣವೂ ಅಲ್ಲ. ಅದು ಹೆಸರೆಂಬ ಪದಾರ್ಥವನ್ನು ಕುರಿತು ಇಂಥ ವಿದ್ವಾಂಸನು ಇಂಥ ವರ್ಷ, ಇಂಥ ಆಧಾರದಿಂದ ಮಾಡಿದ ಆರೋಪಣೆ. ಮರಾಠಿ ವಿದ್ವಾಂಸನು ಬೇರೆ ವ್ಯುತ್ಪತ್ತಿಯನ್ನು ಹೇಳಿದರೆ ಅದಕ್ಕೂ ಅಷ್ಟೇ ಹಕ್ಕಿನ ಸ್ಥಾನವುಂಟು. ಗಡಿಯ ಮಾತು ಬಂದೊಡನೆ ರಕ್ತ ಬಿಸಿಯಾಗುವ ಜನರಿಗೆ ಈ ಏರ್ಪಾಡು ಸಪ್ಪೆಯೆನಿಸಬಹುದು. ಆದರೆ ಒಂದೇ ಮನೆಯ ಕೋಷ್ಟಕದಲ್ಲಿ ಇಂದು ‘ಕನ್ನಡ’ವೆಂದು ತುಂಬುವ ಕೈ ಇದ್ದಂತೆಯೇ, ನಾಳೆ ಅದನ್ನು ಅಳಿಸಿ ಬೇರೊಂದನ್ನು ತುಂಬುವ ಕೈಯೂ ಇದ್ದೀತು. ಹಾಗಾದಲ್ಲಿ ಶಂ. ಬಾ. ಜೋಶಿಯವರಂಥವರ ಶ್ರಮ ನಡೆದಿತ್ತೆಂಬುದಕ್ಕೇ ಗುರುತು ಉಳಿಯದು.

ಖಾಲಿ ಮನೆಯ ವಿಷಯವೂ ಹಾಗೆಯೇ. ವೈಶೇಷಿಕರು ಅಭಾವವನ್ನು ಪದಾರ್ಥವೆಂದು ಎಣಿಸಿದರಷ್ಟೆ. ಕಾಣದಿರುವುದರಿಂದ ಇಲ್ಲವೆಂದು ಯಾವಾಗ ನಿರ್ಣಯಿಸಬಹುದೆಂಬುದನ್ನು ಮೀಮಾಂಸಕರೂ ನೈಯಾಯಿಕರೂ ಸೂಕ್ಷ್ಮವಾಗಿ ಚರ್ಚಿಸಿದರು. ಇದ್ದಿದ್ದರೆ ಖಂಡಿತವಾಗಿ ಕಾಣುತ್ತಿತ್ತು ಎನ್ನುವಂತಿದ್ದಾಗ ಮಾತ್ರ ಕಾಣದಿರುವಿಕೆ ಪ್ರಮಾಣವಾಗುತ್ತದೆ. ಅದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನೂ ಹೇಳಲಾಗದು. ಚಿತ್ರಭಾಷೆಯ ವ್ಯವಸ್ಥೆ ಎಲ್ಲ ಕೋಣೆಗಳಲ್ಲಿಯೂ ಬೆಳಕಿದೆಯೆಂದು ನಂಬುತ್ತದೆ. ಓಡಬ್ಲ್ಯುಎಲ್ ಎಲ್ಲವೂ ಕತ್ತಲೆಯೆಂದು ಎಣಿಸುತ್ತದೆ. ಅಗೆಯುವವನಿಗೆ ಯಾವ ಗುಣಿಯನ್ನು ತಳಮುಟ್ಟ ಅಗೆದಿದ್ದೇನೆ, ಯಾವುದನ್ನು ಮುಟ್ಟಿಲ್ಲ ಎಂಬುದು ಗೊತ್ತು. ಅದನ್ನು ದಾಖಲೆಯಲ್ಲಿ ಬೇರೆಯಾಗಿ ಬರೆಯಬೇಕಾದವನೂ ಅವನೇ. ಇನಾಂಗಾವಿನಲ್ಲಿ ಮಣ್ಣಿನ ಪೆಟ್ಟಿಗೆಯೊಂದರೊಡನೆ ದೊರೆತ ವಸ್ತುಗಳಲ್ಲಿ ಒಂದು ಎತ್ತಿನ ಬೊಂಬೆಯೂ ತಲೆಯಿಲ್ಲದ ಒಂದು ಸ್ತ್ರೀಮೂರ್ತಿಯೂ ಇವೆ. ಆ ಮೂರ್ತಿಯ ಪಟ್ಟಿಯಲ್ಲಿ ‘ತಲೆ’ ಎಂಬ ಮನೆ ಬರಿದಾಗಿದ್ದರೆ ಓದುವವನು ಮೂರು ಬಗೆಯಾಗಿ ಅರ್ಥಮಾಡಬಹುದು: ತಲೆಯಿಲ್ಲದೆಯೇ ಮಾಡಿದರು, ತಲೆಯಿತ್ತು, ಮುರಿದು ಕಳೆದುಹೋಯಿತು, ಪಟ್ಟಿ ಬರೆದವನು ನೋಡಲಿಲ್ಲ. ಅದನ್ನು ತಲೆಯಿಲ್ಲದೆಯೇ ರೂಪಿಸಿದ ಮಾತೃದೇವತೆಯೆಂದು ಬಗೆದ ಅಗೆತದವರ ಅಭಿಪ್ರಾಯಕ್ಕೆ ಆ ಬರಿಯ ಮನೆಯಲ್ಲಿ ಸ್ಥಳವಿಲ್ಲ.